ಜೇಬು ಹೊಲಿದ ಜುಲೈ

ಜುಲೈ ೮, ಸೋಮವಾರ

ಭಾನುವಾರಕ್ಕೊಂದು ಕಾಗದ ತಂಗಿಗೆ ಬರೆಯುವುದು ನನ್ನ ಅಭ್ಯಾಸ. ಆದರೆ ಈ ಸಂಗತಿ ಅವಳಿಗೆ ಬರೆಯುವಂಥದ್ದಲ್ಲ. ಅವಳಿಗೆ ಬರೆದರೆ ಅವಳ ಬಿಲ್ಡಿಂಗಿನ ಅಷ್ಟೂ ಮಹಡಿಗೆ ಬರೆದಂತೆ. ಅವಳ ಬಾಯಿಗೆ ಗುಂಡಿಯೂ ಇಲ್ಲ, ಕಾಜವೂ ಇಲ್ಲ. ಹೆಡ್‌ಮಿಸ್ಸು ಗುಟ್ಟಾಗಿರಲಿ ಎಂದಿದ್ದಾರೆ. ಹಾಗಾಗಿ ದಾರದ ಅಂಗಡಿಯವರು ಪುಕ್ಕಟೆ ಕೊಟ್ಟ ಈ ಡೈರಿಗೆ ಇವತ್ತು ಯೋಗ ಕೂಡಿಬಂತು.

ಮಧ್ಯಾಹ್ನ ಹೆಡ್‌ಮಿಸ್ಸು ತಾವೇ ರಸ್ತೆ ದಾಟಿ ನನ್ನ ಅಂಗಡಿಗೆ ಬಂದರು. ಇಷ್ಟು ವರ್ಷ ಶಾಲೆಯ ಗೇಟಿನ ಎದುರಿಗೇ ಕೂತು ಯೂನಿಫಾರಂ ಹೊಲಿದಿದ್ದೇನೆ, ಅವರು ಈ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಹಿಂದೆ ಪೀಟಿ ಮೇಷ್ಟ್ರು, ಅವರ ಹಿಂದೆ ಮೂಟೆಗಳು. ದೊಡ್ಡ ಕ್ಲಾಸಿನ ಮಕ್ಕಳನ್ನೆಲ್ಲ ಹೇಳದೆ ಕೇಳದೆ ಆಟದ ಬಟ್ಟೆಗೆ ಬದಲಿಸಿ, ಬಿಚ್ಚಿದ ಪ್ಯಾಂಟು ಸ್ಕರ್ಟುಗಳನ್ನು ಹಾಗೆಯೇ ಕಟ್ಟಿ ತಂದಿದ್ದರು. ಜೇಬಿನಲ್ಲಿದ್ದದ್ದನ್ನು ತೆಗೆಯಲು ಯಾರಿಗೂ ಬಿಡಲಿಲ್ಲವಂತೆ.

“ಎಲ್ಲಾ ಜೇಬನ್ನೂ ಮುಚ್ಚಿ ಹೊಲಿದುಬಿಡಿ ಅಜ್ಜಿ,” ಎಂದರು. “ಒಂದು ಪೆನ್ಸಿಲ್ ತುಂಡೂ ಒಳಗೆ ಹೋಗ್ಬಾರ್ದು.”

“ಕರ್ಚೀಫು ಎಲ್ಲಿಟ್ಕೋತಾವೆ ಮಿಸ್?”

“ಕೈಯಲ್ಲಿ.” ಅವರು ಸ್ಟೂಲಿನ ಮೇಲೆ ಕೂತರು. “ಹೋದ ವರ್ಷ ಹತ್ತನೇ ಕ್ಲಾಸಿನ ಹುಡುಗ ಟಾಯ್ಲೆಟ್ಟಲ್ಲಿ ಬಿದ್ದಿದ್ದ, ನೆನಪಿದೆಯಾ? ಯಾವುದೋ ಮಾತ್ರೆ. ಒಳಗಿಂದ ಚಿಲಕ ಹಾಕ್ಕೊಂಡಿದ್ದ. ಬಾಗಿಲು ಒಡೆಯೋಷ್ಟರಲ್ಲಿ ತುಟಿ ನೀಲಿ ಆಗಿತ್ತು. ಬದುಕಿದ, ಬಿಡಿ. ಆದ್ರೆ ಈಗಲೂ ಎಲ್ಲಾದ್ರೂ ಚಿಲಕದ ಸದ್ದು ಕೇಳಿದ್ರೆ ನನಗೆ ಕೈಕಾಲು ಆಡಲ್ಲ.”

ಟಾಯ್ಲೆಟ್ಟಿನ ಚಿಲಕಗಳನ್ನು ಆಗಲೇ ಕೀಳಿಸಿದ್ದಾರೆ. ಈಗ ಜೇಬು. ಜೇಬಿನಲ್ಲಿ ಏನಾದರೂ ಸಿಕ್ಕರೆ ಸೊಂಟಪಟ್ಟಿಯ ಒಳಗಿನ ನಂಬರಿನ ಸಮೇತ ಅವರಿಗೆ ತಲುಪಿಸಬೇಕು; ಆ ನಂಬರುಗಳನ್ನು ಹೊಲಿದವಳು ನಾನೇ. ಒಪ್ಪಿದೆ. ಒಪ್ಪದೆ ಏನು? ಈ ಕಾಲದ ಮಕ್ಕಳ ಕೈಗೆ ಜೇಬು ಕೊಡುವುದೂ ಒಂದೇ, ಮಂಗನಿಗೆ ಹೆಂಡ ಕುಡಿಸುವುದೂ ಒಂದೇ.

ಸಂಜೆ ಮೊಮ್ಮಗಳು ಬಂದಳು. ಸಣ್ಣಗಿದ್ದರೂ ಮೂಗಿನ ತುದಿಯಲ್ಲೇ ಖಾರ, ಅದಕ್ಕೇ ಅವಳು ಹುಟ್ಟಿದಾಗಿನಿಂದ ನನಗೆ ಮೆಣಸು. ಅವಳಮ್ಮ, ನನ್ನ ಮಗಳು, ಆಸ್ಪತ್ರೆಯಲ್ಲಿ ನರ್ಸು. ಶಿಫ್ಟು ಮುಗಿಯುವವರೆಗೆ ಮೆಣಸು ಅಂಗಡಿಯ ಹಿಂದಿನ ಕೋಣೆಯಲ್ಲಿ ಓದಿಕೊಳ್ಳುತ್ತಾಳೆ. ಇತ್ತೀಚೆಗೆ ಮಾತಾಡಿಸಿದರೆ ಕಚ್ಚುತ್ತಾಳೆ. ಹತ್ತನೇ ಕ್ಲಾಸು, ವಯಸ್ಸು. ಇವತ್ತು ಮಾತ್ರ ತಾನಾಗಿ ಬಂದು, “ಅಜ್ಜಿ, ಜೇಬು ನಾನೇ ನೋಡ್ಕೊಡ್ಲಾ? ನಿನಗೆ ಕೈನೋವು,” ಎಂದಳು. ಪಾಪ, ಎಷ್ಟು ಅಕ್ಕರೆ. ಮಕ್ಕಳು ಯಾರೂ ಮುಟ್ಟಬಾರದು ಎಂದು ಹೆಡ್‌ಮಿಸ್ಸು ಹೇಳಿದ್ದಾರೆ, ಹಾಗಾಗಿ ಬೇಡವೆಂದೆ. ತಲೆ ಸವರಿದಾಗ ಕೂದಲಿನಿಂದ ಹಣ್ಣಿನ ಪರಿಮಳ ಬಂತು. ಹೊಸ ಶಾಂಪೂ ಅಂತೆ.

ನಮ್ಮ ಮನೆಯ ಮಕ್ಕಳಿಗೆ ಇಂಥ ಚಟಗಳ ಗಾಳಿ ಕೂಡ ಸೋಕಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಜುಲೈ ೯, ಮಂಗಳವಾರ

ಜೇಬುಗಳೊಳಗೆ ಒಂದು ಪ್ರಪಂಚವೇ ಇದೆ ತಂಗೀ. (ನೋಡು, ಅಭ್ಯಾಸಬಲ. ಇದು ಕಾಗದವಲ್ಲ.) ಬಸ್ ಚೀಟಿ, ಬಾಚಣಿಗೆಯ ಹಲ್ಲು, ಉಬ್ಬಸದವರು ಬಾಯಿಗೆ ಇಟ್ಟುಕೊಳ್ಳುವ ಪಂಪು, ಅರ್ಧ ಅಗಿದು ಕಾಗದಕ್ಕೆ ಸುತ್ತಿಟ್ಟ ಚೂಯಿಂಗ್ ಗಮ್ಮು, ಗಣಿತದ ಸೂತ್ರ ಬರೆದ ಚೀಟಿ, ಯಾರದೋ ಹಾಲುಹಲ್ಲು. ಹತ್ತನೇ ಕ್ಲಾಸಿನ ಪ್ಯಾಂಟಿನಲ್ಲಿ ಹಾಲುಹಲ್ಲು! ತಮ್ಮನದಿರಬೇಕು.

ಮತ್ತೆ ಅದೂ ಸಿಕ್ಕಿತು. ನಾನು ಮೊದಲು ಬಣ್ಣದ ಪೆನ್ನು ಎಂದುಕೊಂಡೆ. ಮುಚ್ಚಳ ತೆಗೆಯಲು ನೋಡಿದರೆ ಬರುವುದಿಲ್ಲ, ಮೂಸಿದರೆ ಸಿಹಿ. ಮಗಳಿಗೆ ಫೋನು ಮಾಡಿ ವಿವರಿಸಿದೆ. “ಅಮ್ಮಾ, ಅದು ವೇಪು. ಬ್ಯಾಟರಿ ಸಿಗರೇಟು. ಹೊಗೆ ಬದಲು ಆವಿ ಬರುತ್ತೆ, ಆದ್ರೆ ಒಳಗಿರೋ ನಿಕೋಟಿನ್ ಅದೇ. ನೀನು ಬಾಯಿಗಿಟ್ಟು ನೋಡ್ಬೇಡ ಮತ್ತೆ!” ಎಂದಳು. ಈ ವಯಸ್ಸಿನಲ್ಲಿ ನನಗೆ ಬೇಕಿತ್ತೇ.

ಸಂಜೆಯೊಳಗೆ ಅಂಥವು ಇನ್ನೂ ಕೆಲವು ಸಿಕ್ಕವು. ಒಂದು ಆ ಉಬ್ಬಸದ ಪಂಪಿನ ಜೊತೆಗೇ ಇತ್ತು, ನಗಬೇಕೋ ಅಳಬೇಕೋ. ನಂಬರು ನೋಡಿದೆ. ಎಲ್ಲಾ ನಾನೇ ಅಳತೆ ತೆಗೆದ ಮಕ್ಕಳು. ಟೇಪು ಹಿಡಿದರೆ ಕಚಗುಳಿ ಎಂದು ಕುಣಿಯುತ್ತಿದ್ದವು. ಹೆಡ್‌ಮಿಸ್ಸಿಗೆ ಕೊಟ್ಟರೆ ಶಾಲೆ ಬಿಡಿಸುತ್ತಾರೆ. ಎಲ್ಲವನ್ನೂ ಗುಂಡಿ ಡಬ್ಬಿಗೆ ಹಾಕಿ ಮುಚ್ಚಿಟ್ಟೆ. ಕೇಳಿದರೆ ಸಿಗಲಿಲ್ಲ ಎನ್ನುತ್ತೇನೆ. ನಾನು ದರ್ಜಿ, ಪೊಲೀಸಲ್ಲ.

ಮೆಣಸಿನ ಸ್ಕರ್ಟು ಇನ್ನೂ ಮೂಟೆಯಲ್ಲಿ ಸಿಕ್ಕಿಲ್ಲ.

ಜುಲೈ ೧೦, ಬುಧವಾರ

ಇವತ್ತು ಸಿಕ್ಕಿಬಿದ್ದಳು ಏಣಿ.

ಮೆಣಸಿನ ಗೆಳತಿ. ಆಳೆತ್ತರದ ಹುಡುಗಿ, ಅದಕ್ಕೇ ಎಲ್ಲರೂ ಏಣಿ ಎನ್ನುತ್ತಾರೆ. ಅಪ್ಪ ಲಾರಿ ಮೆಕ್ಯಾನಿಕ್ಕು. ನನಗೆ ಮೊದಲಿನಿಂದಲೂ ಅವಳನ್ನು ಕಂಡರೆ ಅಷ್ಟಕ್ಕಷ್ಟೇ. ಅಂಗಡಿಗೆ ಬಂದರೆ ಚಪ್ಪಲಿ ಎಲ್ಲೋ ಬಿಟ್ಟು, ಬಾಗಿಲಿಗೆ ಒರಗಿ, ‘ಅಜ್ಜೀ, ನಿಮ್ಮ ಮೆಷಿನ್ನು ಕೆಮ್ಮುತ್ತಿದೆ, ಔಷಧಿ ಹಾಕಿ’ ಎಂದು ನಗುವವಳು. ಮೆಣಸು ಮೊದಲು ನನ್ನ ಹಿಂದೆ ಹಿಂದೆ ಇರುತ್ತಿದ್ದವಳು, ಇವಳ ಸ್ನೇಹವಾದ ಮೇಲೆ ನನ್ನ ಕೈಗೇ ಸಿಗುತ್ತಿಲ್ಲ.

ಅವಳ ನಂಬರಿನ ಸ್ಕರ್ಟಿನ ಬಲ ಜೇಬಿನಲ್ಲಿ ಇತ್ತು, ನೀಲಿ ಬಣ್ಣದ್ದು, ಮೂಸಿದರೆ ಹಣ್ಣಿನ ವಾಸನೆ. ಸ್ಕರ್ಟಿನ ಸ್ಥಿತಿಯೋ, ಕೇಳಬೇಡಿ: ಅಂಚನ್ನು ಗೇಣುದ್ದ ಮೇಲಕ್ಕೆ ಮಡಚಿ ಪಿನ್ನು ಚುಚ್ಚಿದ ತೂತುಗಳು, ಮಡಿಕೆಯ ಗೆರೆ. ಅಷ್ಟೆತ್ತರದ ಹುಡುಗಿಗೆ ಸ್ಕರ್ಟು ಗಿಡ್ಡ ಮಾಡುವ ಶೋಕಿ ಬೇರೆ!

ಇದನ್ನು ಡಬ್ಬಿಗೆ ಹಾಕಲಿಲ್ಲ. ಕವರಿಗೆ ಹಾಕಿ, ನಂಬರು ಬರೆದು, ರಸ್ತೆ ದಾಟಿ ಹೆಡ್‌ಮಿಸ್ಸಿನ ಕೈಗೇ ಕೊಟ್ಟು ಬಂದೆ. ನಮ್ಮ ಹುಡುಗಿಯನ್ನು ಹಾಳು ಮಾಡಲು ಹೊರಟವಳಿಗೆ ಅಷ್ಟಾದರೂ ಬಿಸಿ ಮುಟ್ಟಬೇಡವೇ. ಮಕ್ಕಳು ಬೇರೆ, ಮಕ್ಕಳನ್ನು ಕೆಡಿಸುವವರು ಬೇರೆ.

ಜುಲೈ ೧೧, ಗುರುವಾರ

ಬೆಳಗಿನ ಪ್ರಾರ್ಥನೆಯಲ್ಲಿ ಮೈಕಿನಲ್ಲಿ ಹೆಸರು ಹೇಳಿದರು. ಪೂರ್ತಿ ಹೆಸರು, ಕ್ಲಾಸು, ಏನು ಸಿಕ್ಕಿತು, ಕಮಿಟಿ ತೀರ್ಮಾನಿಸುವವರೆಗೆ ಶಾಲೆಗೆ ಬರುವಂತಿಲ್ಲ ಎಂದು. ಅಂಗಡಿಯಲ್ಲಿ ಕೂತೇ ಕೇಳಿಸಿತು, ಎದುರಿನ ಕ್ಷೌರದವನೂ ಕತ್ತರಿ ನಿಲ್ಲಿಸಿ ಕೇಳಿದ. ಏಣಿ ಗೇಟಿನಿಂದ ಹೊರಗೆ ಬಂದಳು. ಅಳುತ್ತಿರಲಿಲ್ಲ. ನನ್ನ ಅಂಗಡಿಯ ಕಡೆ ಒಮ್ಮೆ ನೋಡಿ, ಬ್ಯಾಗು ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೋದಳು. ಎಷ್ಟು ಕೊಬ್ಬು ನೋಡಿ!

ಮೆಣಸು ಬಂದವಳೇ, “ನೀನೇ ಕೊಟ್ಯಾ?” ಎಂದಳು.

“ಹೌದು, ನಾನೇ. ಏನೀಗ?”

“ಯಾಕೆ ಕೊಟ್ಟೆ? ಯಾಕೆ ಕೊಟ್ಟೆ ಅಜ್ಜಿ?”

“ನಿನ್ನ ಒಳ್ಳೇದಕ್ಕೇ.”

ಊಟದ ಡಬ್ಬಿಯನ್ನು ಗೋಡೆಗೆ ಎಸೆದಳು. ಗೆಳತಿಯ ಮೇಲೆ ಅಷ್ಟು ಮಮತೆ. ನಾಲ್ಕು ದಿನ ಅಳುತ್ತಾಳೆ, ಆಮೇಲೆ ತಾನೇ ಸರಿಹೋಗುತ್ತಾಳೆ. ನಾನು ಮಾಡಿದ್ದು ಸರಿ.

ಜುಲೈ ೧೩, ಶನಿವಾರ

ಏಣಿಯ ಅಪ್ಪ ಬಂದಿದ್ದ. ಜಗಳಕ್ಕೆ ಬಂದ ಎಂದು ನಾನು ಎದೆ ಸೆಟೆಸಿ ಕೂತೆ. ಅವನು ಮೆಟ್ಟಿಲ ಕೆಳಗೇ ನಿಂತ, ಕೈಯಲ್ಲಿ ಗ್ರೀಸು, ಬಾಗಿಲು ಮುಟ್ಟಿದರೆ ಕೊಳೆಯಾಗುತ್ತದೆ ಎಂದೋ ಏನೋ.

“ನೀವೇ ಕೈಯಾರೆ ತೆಗೆದ್ರಾ ಅಮ್ಮಾ?”

“ನಾನೇ ತೆಗೆದೆ.”

“ಅವಳ ಜೇಬಿಂದಾನೇ?”

“ನಂಬರು ನಾನೇ ಹೊಲಿದಿದ್ದಪ್ಪಾ. ನನ್ನ ಹೊಲಿಗೆ ನನಗೆ ಗೊತ್ತಾಗಲ್ವಾ?”

ಅವನು ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡ. “ಹಾಗಾದ್ರೆ ಸರಿ. ಇಷ್ಟು ವರ್ಷದಲ್ಲಿ ಅವಳ ಮೇಲೆ ಕೈ ಮಾಡಿರಲಿಲ್ಲ. ಮೊನ್ನೆ ಮಾಡಿದೆ. ಹೊಡೆದ್ರೂ ಬಾಯಿ ಬಿಡ್ಲಿಲ್ಲ ಅವಳು. ಸುಮ್ಸುಮ್ನೆ ಹೊಡೆದುಬಿಟ್ನಾ ಅಂತ ಕೇಳೋಕೆ ಬಂದೆ, ಅಷ್ಟೇ.”

ಹೋದ. ನಾನೇನು ಹೊಡಿ ಎಂದಿದ್ದೆನೇ? ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಂಡಿದ್ದರೆ ಇದೆಲ್ಲ ಬರುತ್ತಿತ್ತೇ? ಮಧ್ಯಾಹ್ನದ ಊಟ ರುಚಿಸಲಿಲ್ಲ. ಸೆಖೆ.

ಜುಲೈ ೧೬, ಮಂಗಳವಾರ

ಮೆಣಸಿಗೆ ಮೈಯೆಲ್ಲ ಚಡಪಡಿಕೆ. ಪುಸ್ತಕ ತೆರೆಯುತ್ತಾಳೆ, ಮುಚ್ಚುತ್ತಾಳೆ. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಗಾಗಿದೆ. ಜ್ವರವೂ ಇಲ್ಲ. ನಿನ್ನೆ ನನ್ನ ಕತ್ತರಿಯನ್ನು ನೆಲಕ್ಕೆ ಎಸೆದಳು. ಬಟ್ಟೆಯ ಕತ್ತರಿ! ನಾನು ಬೈಯಲಿಲ್ಲ, ಯಾಕೆಂದು ಗೊತ್ತಿಲ್ಲ.

ಹೆಡ್‌ಮಿಸ್ಸು ಕಾರ್ಡು ಕಳಿಸಿದ್ದಾರೆ. ಇಪ್ಪತ್ತಮೂರಕ್ಕೆ ಶಾಲೆಯಲ್ಲಿ ‘ಚಟಮುಕ್ತ ಶಾಲೆ’ ಕಾರ್ಯಕ್ರಮ. ಯಾರೋ ಅಧಿಕಾರಿ ಬರುತ್ತಾರೆ. ನನಗೂ ಸ್ಟೇಜಿನ ಮೇಲೆ ಗೌರವವಂತೆ.

ಜುಲೈ ೧೭, ಬುಧವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಸಂಜೆ ಮೆಣಸು ಬಂದು ಇಸ್ತ್ರಿ ಮೇಜಿನ ಪಕ್ಕ ನಿಂತಳು. ತನ್ನ ಬ್ಯಾಗಿನ ತಳದಿಂದ ಪ್ಲಾಸ್ಟಿಕ್ ಕವರು ತೆಗೆದು ನನ್ನ ಮುಂದಿಟ್ಟಳು. ಒಳಗೆ ಅವಳದೇ ಸ್ಕರ್ಟು, ಹಿಂಭಾಗದಲ್ಲಿ ಒಣಗಿದ ರಕ್ತದ ಕಲೆ.

“ಮೂಟೆ ಕಟ್ಟಿದ್ರಲ್ಲ, ಆ ದಿನ ಬೆಳಿಗ್ಗೆ ಆಯ್ತು. ಏಣಿ ತನ್ನ ಸ್ಕರ್ಟು ಬಿಚ್ಚಿ ಕೊಟ್ಳು. ಅವಳು ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡ್ಳು. ನನಗೆ ಉದ್ದ ಆಯ್ತು ಅಂತ ಅವಳೇ ಮಡಚಿ ಪಿನ್ನು ಹಾಕಿದ್ಳು.”

ನಾನು ಸ್ಕರ್ಟನ್ನು ಬಿಡಿಸಿ ಸೊಂಟಪಟ್ಟಿಯ ನಂಬರು ನೋಡಿದೆ.

“ಸ್ಕರ್ಟು ಅವಳದು ಅಜ್ಜಿ. ಒಳಗಿದ್ದಿದ್ದು ನನ್ನದು.”

ಗೇಣುದ್ದದ ಮಡಿಕೆ. ಪಿನ್ನಿನ ತೂತುಗಳು. ಏಣಿಯ ಸ್ಕರ್ಟನ್ನು ಗಿಡ್ಡದವರು ಯಾರೋ ಉಟ್ಟಿದ್ದಾರೆಂದು ಬಟ್ಟೆ ಬಾಯಿಬಿಟ್ಟು ಹೇಳುತ್ತಿತ್ತು. ಈ ಕಸುಬು ಶುರುಮಾಡಿದ ಹೊಸ ಹುಡುಗಿಗೂ ಅದು ಅರ್ಥವಾಗುತ್ತಿತ್ತು.

“ಅವಳು ಸೇದ್ತಾಳಾ?”

“ಇಲ್ಲ. ಬಿಡು ಬಿಡು ಅಂತ ದಿನಾ ಬೈತಿದ್ಳು.”

“ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ ಅವಳು?”

“ನಾನು ಹೇಳ್ತೀನಿ ಅಂತ ಕಾಯ್ತಿದ್ಳು.” ಅಷ್ಟು ಹೇಳಿ ಮೆಣಸು ನೆಲದ ಮೇಲೆ, ಬಟ್ಟೆಯ ಚೂರುಗಳ ನಡುವೆ ಕೂತುಬಿಟ್ಟಳು. “ನನಗೆ ಹೇಳೋಕೆ ಆಗ್ಲಿಲ್ಲ. ಹೇಳಿದ್ರೆ ಶಾಲೆ ಹೋಗುತ್ತೆ, ಅಮ್ಮ ಸಾಯ್ತಾಳೆ, ನೀನು... ನೀನು ಎಲ್ಲರ ಮುಂದೆ ನಮ್ಮನೆ ಮಕ್ಕಳು ನಮ್ಮನೆ ಮಕ್ಕಳು ಅಂತಿರ್ತೀಯ. ಬಿಡೋಕೆ ನೋಡಿದೆ ಅಜ್ಜಿ. ಎದೆಯೊಳಗೆ ಯಾರೋ ಕೂತ್ಕೊಂಡು ಉಗುರಲ್ಲಿ ಗೀರಿದ ಹಾಗಾಗುತ್ತೆ. ಯಾರನ್ನಾದ್ರೂ ಕಚ್ಚಿಬಿಡೋಣ ಅನ್ಸುತ್ತೆ.”

ಹೊಡೆಯಲು ಕೈ ಎತ್ತಿದ್ದು ನಿಜ. ಆ ಮೆಕ್ಯಾನಿಕ್ಕು ತನ್ನ ಅಂಗೈ ನೋಡಿಕೊಂಡಿದ್ದು ಕಣ್ಣಿಗೆ ಬಂತು. ಕೈ ಅಲ್ಲೇ ನಿಂತಿತು.

ಜುಲೈ ೧೮, ಗುರುವಾರ

ಇವತ್ತು ಅಂಗಡಿ ತೆರೆಯಲಿಲ್ಲ.

ಜುಲೈ ೧೯, ಶುಕ್ರವಾರ

ಮಗಳಿಗೆ ಹೇಳಿದೆವು. ಅವಳು ಕೂಗಾಡಲಿಲ್ಲ, ಅದೇ ಭಯವಾಯಿತು. ಮುಖ ತೊಳೆದು ಬಂದು, ಆಸ್ಪತ್ರೆಯಲ್ಲಿ ರೋಗಿಗೆ ಕೇಳುವ ದನಿಯಲ್ಲೇ, “ದಿನಕ್ಕೆ ಎಷ್ಟು? ಎದ್ದ ತಕ್ಷಣ ಬೇಕು ಅನ್ಸುತ್ತಾ?” ಎಂದು ಕೇಳಿದಳು. ಮೆಣಸು ಉತ್ತರ ಕೊಟ್ಟಳು. ಆಮೇಲೆ ಇಬ್ಬರೂ ಒಟ್ಟಿಗೆ ಅತ್ತರು. ನಾನು ಎದ್ದು ಹೋಗಿ ಚಹಾ ಮಾಡಿದೆ, ಸಕ್ಕರೆ ಮರೆತೆ, ಯಾರೂ ಹೇಳಲಿಲ್ಲ.

ಹನ್ನೊಂದಕ್ಕೆ ಶಾಲೆಗೆ ಹೋಗಿ ಹೆಡ್‌ಮಿಸ್ಸಿನ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿದರು.

“ಅಜ್ಜಿ, ನೀವು ಈಗ ಹೇಳಿದ್ದನ್ನ ನಾನು ಕೇಳಿಸ್ಕೊಂಡಿಲ್ಲ. ಆ ಹುಡುಗೀನ ಸೋಮವಾರದಿಂದ ಸದ್ದಿಲ್ಲದೆ ಕ್ಲಾಸಿಗೆ ಕೂರಿಸ್ಕೋತೀನಿ. ನಿಮ್ಮ ಮೊಮ್ಮಗಳ ಹೆಸರೂ ಹೊರಗೆ ಬರಲ್ಲ. ಎರಡೂ ಕಡೆ ಕ್ಷೇಮ.”

“ಅವಳ ಹೆಸರು ಮೈಕಲ್ಲಿ ಹೇಳಿದ್ರಲ್ಲ ಮಿಸ್?”

“ಅದನ್ನ ವಾಪಸ್ ತಗೊಂಡ್ರೆ ಮಂಗಳವಾರದ ಕಾರ್ಯಕ್ರಮಕ್ಕೆ ಏನರ್ಥ? ಪೋಷಕರು ನನ್ನ ಮೇಲೆ ನಂಬಿಕೆ ಇಡ್ತಾರಾ? ಇನ್ನೊಂದು ಮಗು ಚಿಲಕ ಹಾಕ್ಕೊಂಡು ಬಿದ್ರೆ?”

ಅವರ ಕಣ್ಣಲ್ಲಿ ನೀರಿತ್ತು. ಸುಳ್ಳಲ್ಲ ಅದು. ಹೆದರಿದವರ ಮುಂದೆ ಜಗಳವಾಡುವುದು ನನಗೆ ಬರುವುದಿಲ್ಲ. ಎದ್ದು ಬಂದೆ.

ಬರುವಾಗ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೌನ್ಸೆಲರ್ ಹುಡುಗಿ ಒಬ್ಬಳೇ ಕೂತಿದ್ದಳು, ಸುತ್ತ ಗಾಳಿ ಹೋದ ಫುಟ್‌ಬಾಲುಗಳು. ವಾರಕ್ಕೆರಡು ದಿನ ಬರುತ್ತಾಳಂತೆ. “ಮಕ್ಕಳು ಬರ್ತಾವಾ ತಾಯಿ?” ಎಂದೆ.

“ಬಂದೋರ ಹೆಸರು ಆಫೀಸಿಗೆ ಬರ್ಕೊಡ್ಬೇಕು ಅಜ್ಜಿ. ಮತ್ತೆ ಯಾರು ಬರ್ತಾರೆ? ಫುಟ್‌ಬಾಲ್ ತಗೊಳ್ಳೋಕೆ ಬರ್ತಾರೆ.”

ಸಂಜೆ ಅವಳನ್ನು ಅಂಗಡಿಗೆ ಕರೆದೆ. ಬಂದಳು. ಹಿಂದಿನ ಕೋಣೆಯಲ್ಲಿ ಮೆಣಸಿನ ಜೊತೆ ಬಹಳ ಹೊತ್ತು ಮಾತಾಡಿದಳು. ನಾನು ಕಿವಿ ಆ ಕಡೆ ಹೋಗದಿರಲೆಂದು ಮೆಷಿನ್ನು ಖಾಲಿ ತುಳಿಯುತ್ತಾ ಕೂತಿದ್ದೆ.

ಜುಲೈ ೨೧, ಭಾನುವಾರ

ಮೆಣಸೂ ನಾನೂ ಏಣಿಯ ಮನೆಗೆ ಹೋದೆವು. ಗ್ಯಾರೇಜಿನ ಮೇಲಿನ ಎರಡು ಕೋಣೆ, ಕಬ್ಬಿಣದ ಮೆಟ್ಟಿಲು. ಅಪ್ಪ ಬಾಗಿಲು ತೆಗೆದ. ನಾನು ಹೇಳಿದ್ದನ್ನು ಕೇಳಿ ಗೋಡೆ ಹಿಡಿದುಕೊಂಡ, ಕೆಳಗೆ ಇಳಿದು ಹೋಗಿ ಯಾವುದೋ ಕಬ್ಬಿಣವನ್ನು ಬಡಿಯತೊಡಗಿದ.

ಏಣಿ ಒಳಕೋಣೆಯ ಬಾಗಿಲು ಹಾಕಿಕೊಂಡಳು. ಮೆಣಸು ಆ ಬಾಗಿಲಿಗೆ ಹಣೆ ಒತ್ತಿ ನಿಂತಳು.

“ನಾಳೆಯಿಂದ ಬಾರೇ. ಹೆಡ್‌ಮಿಸ್ ಒಪ್ಕೊಂಡಿದಾರೆ.”

“ಹೇಗೆ ಬರ್ಲಿ?” ಒಳಗಿನಿಂದ. “ಕಳ್ಳಬೆಕ್ಕಿನ ಹಾಗಾ? ನನ್ನ ಹೆಸರು ಮೈಕಲ್ಲಿ ಹೇಳಿದ್ರು. ಬಸ್ಸಿನ ಕಂಡಕ್ಟರ್ ಕೂಡ ಜೇಬು ತೋರಿಸು ಅಂತ ನಗ್ತಾನೆ. ಮೈಕಲ್ಲಿ ಹೇಳಿದ್ದನ್ನ ಮೈಕಲ್ಲೇ ತೆಗೀಬೇಕು. ಅಲ್ಲೀವರೆಗೆ ಬರಲ್ಲ. ಪರೀಕ್ಷೆ ಹೋದ್ರೂ ಬರಲ್ಲ.”

“ಪರೀಕ್ಷೆ ಬಿಟ್ರೆ ವರ್ಷಾನೇ ಹೋಗುತ್ತಲ್ಲೇ!”

“ಹೋಗ್ಲಿ. ನನ್ನ ವರ್ಷ, ನಿನಗೇನು?”

ಹಟಮಾರಿ. ಒಳ್ಳೆಯ ಹಟ. ವಾಪಸು ಬಂದ ಮೇಲೆ ಮೆಣಸು ಅಂಗಡಿಯ ಬಾಗಿಲಲ್ಲಿ ನಿಂತು, “ನಿನ್ನನ್ನ ಸ್ಟೇಜಿಗೆ ಕರೀತಾರಲ್ಲ ಅಜ್ಜಿ? ನನ್ನ ಹೆಸರೂ ಸೇರಿಸಿ ಹೇಳು. ಹೇಳ್ದೆ ಇಳಿದ್ರೆ ನಾನೇ ಹತ್ತಿ ಹೇಳ್ತೀನಿ,” ಎಂದಳು.

“ಶಾಲೆ ಬಿಡಿಸ್ತಾರೆ ಕಣೇ.”

“ಬಿಡಿಸ್ಲಿ.”

ಇಬ್ಬರೂ ಒಂದೇ ಥಾನಿನ ಬಟ್ಟೆ.

ಜುಲೈ ೨೩, ಮಂಗಳವಾರ

ಮೈದಾನದಲ್ಲಿ ಶಾಮಿಯಾನ. ಮಕ್ಕಳ ಕೈಯಲ್ಲಿ ‘ಬೇಡ ಎನ್ನೋಣ’ ಎಂಬ ಫಲಕಗಳು. ಎಲ್ಲರೂ ನಾನು ಹೊಲಿದ ಮುಚ್ಚಿದ ಜೇಬಿನ ಬಟ್ಟೆ ತೊಟ್ಟು, ಕೈ ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದರು. ಪೋಷಕರು ಕುರ್ಚಿಗಳಲ್ಲಿ. ಅಧಿಕಾರಿ ಬಂದರು, ತಡವಾಗಿ. ಮಕ್ಕಳು ಬಲಗೈ ಚಾಚಿ ಪ್ರತಿಜ್ಞೆ ಹೇಳಿದರು. ಆ ಕೈಗಳಲ್ಲಿ ವೇಪು ಹಿಡಿದ ಕೈ ಯಾವ ಯಾವುದೆಂದು ನನಗೆ ಗೊತ್ತಿತ್ತು. ಅವಕ್ಕೂ ಗೊತ್ತಿತ್ತು. ಉಬ್ಬಸದ ಹುಡುಗ ನನ್ನನ್ನು ನೋಡಿ ತಲೆ ತಗ್ಗಿಸಿದ.

“ಈ ಅಭಿಯಾನಕ್ಕೆ ಸೂಜಿ ದಾರ ಹಿಡಿದು ನಿಂತ ನಮ್ಮ ಟೈಲರ್ ಅಜ್ಜಿ,” ಎಂದು ಕರೆದರು. ಹತ್ತಿದೆ. ಹೂಗುಚ್ಛ ಕೊಟ್ಟರು. ಎರಡು ಮಾತು ಹೇಳಿ ಎಂದು ಅಧಿಕಾರಿಯೇ ಮೈಕು ನನ್ನ ಎತ್ತರಕ್ಕೆ ಇಳಿಸಿದರು. ಹೆಡ್‌ಮಿಸ್ಸು ಅರ್ಧ ಎದ್ದರು, ಮತ್ತೆ ಕೂತರು.

ಮೊದಲು ಏಣಿಯ ಹೆಸರು ಹೇಳಿದೆ. ಪೂರ್ತಿ ಹೆಸರು, ಅವರಪ್ಪನ ಹೆಸರು ಸಮೇತ, ಕ್ಲಾಸು, ನಂಬರು. ಅವರು ಹೇಗೆ ಹೇಳಿದ್ದರೋ ಹಾಗೆಯೇ.

“ಈ ಹುಡುಗಿ ಏನೂ ಮಾಡಿಲ್ಲ. ಗೆಳತಿಯ ಮಾನ ಮುಚ್ಚೋಕೆ ತನ್ನ ಸ್ಕರ್ಟು ಬಿಚ್ಚಿ ಕೊಟ್ಟಳು, ಅಷ್ಟೇ. ಜೇಬಲ್ಲಿದ್ದದ್ದು ನನ್ನ ಮೊಮ್ಮಗಳದ್ದು. ಅಗೋ, ನಿಂತಿದಾಳೆ. ಅವಳೇ ಹೇಳು ಅಂದ್ಳು, ಹೇಳ್ತಿದೀನಿ.”

ಫಲಕಗಳು ಒಂದೊಂದಾಗಿ ಕೆಳಗಿಳಿದವು. ಮುಂದಿನ ಸಾಲಿನಿಂದ ಯಾರೋ, “ಮೊದಲು ಆ ಅಜ್ಜೀನ ಇಳಿಸ್ರೀ!” ಎಂದರು.

“ಇಳೀತೀನಪ್ಪಾ, ಇಲ್ಲೇ ಮನೆ ಕಟ್ಟೋಕೆ ಬಂದಿಲ್ಲ. ಇನ್ನೊಂದು ಮಾತಿದೆ. ನನಗೆ ಸಿಕ್ಕಿದ್ದು ಒಂದಲ್ಲ. ಡಬ್ಬಿ ತುಂಬ ಇದೆ. ಕೊಟ್ಟಿದ್ದು ಒಂದನ್ನೇ. ಉಳಿದವರ ನಂಬರು ನನ್ನ ಹೊಟ್ಟೇಲಿದೆ, ಅಲ್ಲೇ ಇರುತ್ತೆ. ಇವರನ್ನ ಶಾಲೆ ಬಿಡಿಸ್ತೀವಿ ಅನ್ನೋರು ಮೊದಲು ಮನೆಗೆ ಹೋಗಿ ಅವರವರ ಮಕ್ಕಳನ್ನ ಕೂರಿಸ್ಕೊಂಡು ಕೇಳಿ. ಹೊಡೀಬೇಡಿ, ಕೇಳಿ. ಮತ್ತೆ ಮಕ್ಕಳೇ, ನಿಮ್ಮಲ್ಲಿ ಯಾರಿಗಾದ್ರೂ...”

ಅಷ್ಟರಲ್ಲಿ ಪೀಟಿ ಮೇಷ್ಟ್ರು ಮೈಕು ಬಂದ್ ಮಾಡಿದರು. ಮಾಡಲಿ. ಜೀವಮಾನವಿಡೀ ಮೆಷಿನ್ನಿನ ಸದ್ದಿನ ಮೇಲೆ ಗಿರಾಕಿಗಳ ಜೊತೆ ಚೌಕಾಸಿ ಮಾಡಿದ ಗಂಟಲು ಇದು, ಇದಕ್ಕೆ ವೈರು ಬೇಕಿಲ್ಲ.

“ಯಾರಿಗಾದ್ರೂ ಬಿಡೋಕಾಗ್ತಿಲ್ಲ ಅಂದ್ರೆ ನನ್ನ ಅಂಗಡಿಗೆ ಬನ್ನಿ! ಕೌನ್ಸೆಲರ್ ಮೇಡಂ ಅಲ್ಲೇ ಕೂರ್ತಾರೆ. ನಾನು ಹೆಸರೂ ಕೇಳಲ್ಲ, ಜೇಬೂ ನೋಡಲ್ಲ!”

ಹೂಗುಚ್ಛವನ್ನು ಕುರ್ಚಿಯ ಮೇಲಿಟ್ಟು ಇಳಿದೆ. ಸೆರಗು ಸರಿಮಾಡಿಕೊಂಡೆ. ಮೆಣಸು ಸಾಲು ಬಿಟ್ಟು ಬಂದು ನನ್ನ ಕೈ ಹಿಡಿದಳು. ಇಡೀ ಮೈದಾನ ನೋಡುತ್ತಿರುವಾಗ ಇಬ್ಬರೂ ಗೇಟು ದಾಟಿದೆವು.

ಜುಲೈ ೨೪, ಬುಧವಾರ

ಹೆಡ್‌ಮಿಸ್ಸು ಬಂದರು. ಈ ಸಲ ಕೂರಲಿಲ್ಲ.

“ಬೆನ್ನಿಗೆ ಚೂರಿ ಹಾಕಿದ್ರಿ ಅಜ್ಜಿ.”

“ಬೆನ್ನಿಗಲ್ಲ ಮಿಸ್, ಎದುರಿಗೇ ನಿಂತು ಹೇಳಿದೆ.”

ಇನ್ನು ಯೂನಿಫಾರಂ ಬೇರೆ ಕಂಪನಿಯಿಂದ ಬರುತ್ತದಂತೆ. ಮೆಣಸು ಎರಡು ವಾರ ಶಾಲೆಯಿಂದ ಹೊರಗೆ, ಆಮೇಲೆ ನೋಡೋಣ ಎಂದರು. ಬಿಡಿಸುತ್ತೇವೆ ಎನ್ನಲಿಲ್ಲ. ಶಾಲೆ ಬಿಡಿಸಲೇಬೇಕು ಎಂದು ಮೊದಲು ಕೂಗಾಡಿದ್ದ ಪೋಷಕರು ನಿನ್ನೆ ಸಂಜೆಯಿಂದ ತಣ್ಣಗಾಗಿದ್ದಾರಂತೆ. ಕೌನ್ಸೆಲರಿನಿಂದ ಹೆಸರು ಬರೆಸಿಕೊಳ್ಳುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ಇದನ್ನು ಅವರು ಮೆಟ್ಟಿಲಿಳಿದ ಮೇಲೆ, ಬೆನ್ನು ತೋರಿಸಿಕೊಂಡೇ ಹೇಳಿದರು. ಅವರಿಗೂ ಸುಲಭವಲ್ಲ.

ಯೂನಿಫಾರಂ ಹ್ಯಾಂಗರುಗಳನ್ನು ಅಟ್ಟಕ್ಕೆ ಹಾಕಿದೆ. ಮದುವೆಮನೆಯವರ ಬಟ್ಟೆ ಹೊಲಿಯುತ್ತೇನೆ, ದಿಂಬಿನ ಚೀಲ ಹೊಲಿಯುತ್ತೇನೆ. ಸೂಜಿ ನನ್ನದು.

ಜುಲೈ ೨೬, ಶುಕ್ರವಾರ

ಮೆಣಸು ನಿನ್ನೆ ಪೂರ್ತಿ ದಿನ ತಡೆದಿದ್ದಳು. ಇವತ್ತು ಬೆಳಿಗ್ಗೆ ತಡೆಯಲಿಲ್ಲ. ಇನ್ನೊಂದು ವೇಪು ಎಲ್ಲಿಂದ ತಂದಳೋ. ಅವಳೇ ಬಂದು ಹೇಳಿದಳು, ಅದನ್ನು ನನ್ನ ಕೈಗೆ ಕೊಟ್ಟಳು, ಕೊಟ್ಟದ್ದಕ್ಕೆ ನನ್ನನ್ನೇ ಬೈದಳು. ಬೈಸಿಕೊಂಡೆ. ಇಬ್ಬರೂ ಹೊರಗೆ ನಡೆದುಬಂದೆವು, ಅವಳು ಮುಂದೆ ಮುಂದೆ, ನಾನು ಏದುಸಿರು ಬಿಡುತ್ತಾ ಹಿಂದೆ. ಸಂಜೆ ಕೌನ್ಸೆಲರ್ ಬಂದಾಗ ಹಿಂದಿನ ಕೋಣೆಗೆ ಇನ್ನಿಬ್ಬರು ಮಕ್ಕಳು ಬಂದರು. ಗುಂಡಿ ಹಾಕಿಸಲು ಬಂದೆವು ಎಂದರು. ಅಂಗಿಯಲ್ಲಿ ಎಲ್ಲಾ ಗುಂಡಿಯೂ ಇದ್ದವು. ಹೋಗಿ ಒಳಗೆ ಎಂದೆ.

ಜುಲೈ ೨೭, ಶನಿವಾರ

ಏಣಿ ಬಂದಳು. ನಿನ್ನೆಯಿಂದ ಕ್ಲಾಸಿಗೆ ಹೋಗುತ್ತಿದ್ದಾಳೆಂದು ಗೊತ್ತಿತ್ತು. ಗೇಟಿನೊಳಗೆ ಹೋಗುವಾಗ ತಲೆ ಎತ್ತಿಕೊಂಡೇ ಹೋಗಿದ್ದನ್ನು ಇಲ್ಲಿಂದಲೇ ನೋಡಿದ್ದೆ. ಆ ಎತ್ತರಕ್ಕೆ ಹಾಗೆ ನಡೆದರೇ ಚೆಂದ.

ಬಾಗಿಲಿಗೆ ಒರಗಲಿಲ್ಲ. ನೆಟ್ಟಗೆ ನಿಂತಳು.

“ಬಾಮ್ಮಾ. ಚಹಾ ಕುಡೀತೀಯಾ?”

“ಬೇಡ. ಅವತ್ತು ಸ್ಟೇಜ್ ಮೇಲೆ ಮಾತಾಡಿದ್ರಂತೆ. ನಾನು ಇರ್ಲಿಲ್ಲ.”

“ಗೊತ್ತು ಮಗಳೇ.”

“ಊರಿಗೆಲ್ಲಾ ಹೇಳಿದ್ರಿ. ನನಗೆ ಹೇಳ್ಲಿಲ್ಲ.”

ನಾನು ಬಾಯಿ ತೆರೆದೆ. “ಕೂತ್ಕೊಂಡು ಹೇಳ್ಬೇಡಿ,” ಎಂದಳು.

ಮೆಷಿನ್ನಿನ ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸಿ ಎದ್ದೆ. ಆ ಮೈದಾನದ ಜನವೆಲ್ಲ ಸುಲಭವಿದ್ದರು. ಈ ಒಬ್ಬಳು ಕಷ್ಟ. ಸ್ಟೇಜಿನ ಮೇಲೆ ಹೇಳದೆ ಬಿಟ್ಟದ್ದೊಂದಿತ್ತು, ಅದನ್ನು ಹೇಳಿದೆ.

“ನಾನು ತಪ್ಪಿ ಕೊಟ್ಟಿದ್ದಲ್ಲ. ಬೇರೆ ಮಕ್ಕಳದ್ದೆಲ್ಲ ಮುಚ್ಚಿಟ್ಟೆ, ನಿನ್ನದು ಮಾತ್ರ ಕೊಟ್ಟೆ. ನೀನೇ ಆಗಿರ್ಲಿ ಅಂತ ನನಗೆ ಬೇಕಾಗಿತ್ತು. ನನ್ನ ಮೊಮ್ಮಗಳು ನನಗಿಂತ ನಿನ್ನನ್ನ ಹಚ್ಕೊಂಡಿದ್ಳು, ಅದನ್ನ ನನಗೆ ತಡ್ಕೊಳ್ಳೋಕಾಗ್ಲಿಲ್ಲ. ನಿನ್ನ ಮೇಲೆ ಅಪ್ಪನ ಕೈ ಬಿದ್ದಿದ್ದು ನನ್ನಿಂದ. ತಪ್ಪಾಯ್ತು.”

“ಇನ್ನೂ ಜೋರಾಗಿ.”

ಎದುರಿನ ಕ್ಷೌರದವನು ಹೊರಗೆ ಬಂದು ನಿಂತಿದ್ದ, ಅವನ ಗಿರಾಕಿಯೂ ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡೇ. ಬೀದಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ, ಒಂದು ಮಾತನ್ನೂ ಬಿಡದೆ.

ಏಣಿ ತಲೆಯಾಡಿಸಿದಳು. “ಕೇಳಿಸ್ತು. ಆದ್ರೆ ಕ್ಷಮಿಸಿಲ್ಲ.”

“ಬೇಡ. ಯಾವಾಗ ಮನಸ್ಸಾಗುತ್ತೋ ಆವಾಗ.”

“ಆಗ್ದೆನೂ ಇರ್ಬಹುದು.”

“ಆಗ್ದಿದ್ರೆ ಬೇಡ.”

ನನ್ನನ್ನು ದಾಟಿಕೊಂಡು ಹಿಂದಿನ ಕೋಣೆಗೆ ಹೋದಳು. ಆಮೇಲೆ ಶುರುವಾಯಿತು. “ನಾನು ಕಾಯ್ತಾ ಇದ್ದೆ ಕಣೇ! ದಿನಾ ಕಾಯ್ತಾ ಇದ್ದೆ!” ಎಂದು ಅವಳು, “ಗೊತ್ತು, ಬೈಯಿ, ಇನ್ನೂ ಬೈಯಿ!” ಎಂದು ಇವಳು. ಏನೋ ಬಿತ್ತು. ಯಾರೋ ಅತ್ತರು, ಯಾರೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ಗಿರಾಕಿಯೊಬ್ಬರು ರವಿಕೆ ಬಟ್ಟೆ ಹಿಡಿದು ಮೆಟ್ಟಿಲು ಹತ್ತಿ, “ಏನಜ್ಜಿ, ಒಳಗೆ ಏನು ಗಲಾಟೆ?” ಎಂದರು.

“ಮಕ್ಕಳು ಮಾತಾಡ್ತಿದಾವೆ,” ಎಂದೆ. “ಮುಗಿಯೋವರೆಗೆ ಹೊರಗೆ ನಿಂತ್ಕೊಳ್ಳಿ.”